ಹಿಂಬಾಗಿಲ ಹಿಮ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಒಂದನೇ ಕ್ಲಾಸಿನವು.
ಹೆಸರು: ತೊಗಾಶಿ ಮಿನೆಕೊ. ವಯಸ್ಸು: ಐವತ್ತಮೂರು.
ಕೆಲಸ: ವೃದ್ಧರ ಆರೈಕೆ, ರಾತ್ರಿ ಪಾಳಿ.
ಗಾಯ: ಬಲ ಅಂಗೈ ಸುಟ್ಟಿದೆ. ಮತ್ತೆ ಸೊಂಟ.
ಸೊಂಟಕ್ಕೆ ಬಿಟ್ಟ ಜಾಗ ಎರಡು ಬೆರಳಗಲ,
ಅದರ ಕಥೆ ಹದಿನಾರು ವರ್ಷದ್ದು.

ಎತ್ತುವ ಯಂತ್ರ ಒಂದಿದೆ ನಮ್ಮಲ್ಲಿ;
ಅದರ ಮೇಲೆ ಟವೆಲ್ ಒಣಗುತ್ತವೆ.
ಅದನ್ನು ಹೂಡಲು ಏಳು ನಿಮಿಷ ಬೇಕು,
ಕರೆಗಂಟೆ ಅಷ್ಟು ಹೊತ್ತು ಕಾಯುವುದಿಲ್ಲ.
ಬೆಲ್ಟು ಬಿಗಿದು ನಾವೇ ಯಂತ್ರವಾಗುತ್ತೇವೆ.
ಜಾವಾದಿಂದ ಬಂದ ರತ್ರಿ, ಇಪ್ಪತ್ತಾರರ ಹುಡುಗಿ,
ಹೋದ ತಿಂಗಳು ಬಾಗಿದವಳು ಏಳಲಾರದೆ
ಹಾಗೇ ನಿಂತುಬಿಟ್ಟಳು.
ಮೊದಲು ನಕ್ಕಳು.
ಅವಳ ನಮೂನೆಯಲ್ಲಿ ಕಾರಣ: ಅಜಾಗ್ರತೆ.

ಬೆಂಕಿಯ ಕವಾಯತು ನಡೆಯುವುದು ಮಧ್ಯಾಹ್ನ ಎರಡಕ್ಕೆ,
ಆರು ಜನ ಸಿಬ್ಬಂದಿ, ನಡೆಯಬಲ್ಲ ಅಜ್ಜಿಯರನ್ನು ಆಯ್ದು,
ಕೊನೆಗೆ ಚಪ್ಪಾಳೆ, ಬಿಸಿ ಚಹಾ.
ಬೆಂಕಿ ಬಂದದ್ದು ರಾತ್ರಿ ಎರಡಕ್ಕೆ.
ಯಾರನ್ನೂ ಆಯಲಿಲ್ಲ ಅದು.
ಹಾಸಿಗೆ ಹದಿನೇಳು. ನಾನೊಬ್ಬಳೇ.

ನಿಜ ಹೇಳಬೇಕೆಂದರೆ ಬೆಂಕಿಯನ್ನು ನಾನು ನೋಡಲೇ ಇಲ್ಲ.
ಬಟ್ಟೆ ಒಣಗಿಸುವ ಕೋಣೆಯಿಂದ ಹೊಗೆ,
ಚಾವಣಿ ಹಿಡಿದು ಬಂದು ನಿಧಾನ ಕೆಳಗಿಳಿಯಿತು,
ಮಲಗಿದವರಿಗೆ ಕಂಬಳಿ ಹೊದಿಸುವ ಹಾಗೆ,
ಅಷ್ಟು ಅಕ್ಕರೆಯಿಂದ.
ಆ ಕೋಣೆಯ ಬಾಗಿಲು ಎಳೆದು ಮುಚ್ಚಿದೆ.
ಹಿಡಿಕೆ ನನ್ನ ಕೈ ಬಿಡಲಿಲ್ಲ.

ಮುಂಬಾಗಿಲ ದಾರಿ ಕಟ್ಟಿತ್ತು.
ಉಮೆನೊ ಅಜ್ಜಿಯನ್ನು ಹಾಸಿಗೆ ಸಮೇತ ನೆಲಕ್ಕಿಳಿಸಿ
ಹಿಂಬಾಗಿಲ ಕಡೆ ದರದರ ಎಳೆದೆ.
ಆಗಲೇ ಸೊಂಟದಲ್ಲಿ ಏನೋ ಕಳಕ್ಕೆಂದಿತು.
ನೆನಪಾಯಿತು: ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು,
ಹೊರಗೆ ಮೂರು ದಿನದ ಹಿಮ,
ಹಿಮ ತೆಗೆಯುವವರ ಪಟ್ಟಿ ಡಿಸೆಂಬರಿನಿಂದ ಖಾಲಿ.
ಭುಜ ಕೊಟ್ಟು ನೂಕಿದೆ.

ಬೆಣ್ಣೆಯಿಂದ ಕೂದಲೆಳೆದ ಹಾಗೆ ತೆರೆಯಿತು.

ಮೆಟ್ಟಿಲು ಗುಡಿಸಿಟ್ಟಂತಿತ್ತು.
ಆಚೆಗೆ ಗೇಟಿನವರೆಗೂ ದಾರಿ,
ಎರಡೂ ಬದಿ ನೂಲು ಹಿಡಿದು ಕತ್ತರಿಸಿದಂತೆ ನೇರ.

ಇತಾಬಾಶಿ ತಾತನ ಕೈ ಅದು. ನಲವತ್ತು ಚಳಿಗಾಲ
ಅಕಿತಾದ ಬೆಟ್ಟದ ಹಳಿಗಳ ಹಿಮ ತೆಗೆದವರು.
ಹೆಂಡತಿಯ ಹೆಸರು ಮರೆತಿದ್ದಾರೆ,
ಬೆಳಗಿನ ಮೊದಲ ಗಾಡಿಯ ವೇಳೆ ಮರೆತಿಲ್ಲ.
ಸಂಜೆಯಾದರೆ ಸಲಿಕೆ ಹಿಡಿದು ಮಾಯ.
ಅವರ ಕಡತದಲ್ಲಿ ನಾನೇ ಬರೆದಿದ್ದೆ,
ನನ್ನದೇ ಮುದ್ರೆ ಒತ್ತಿ:
'ಸಂಜೆಯ ಅಲೆದಾಟ. ಹೇಳಿದರೆ ಕೇಳುವುದಿಲ್ಲ. ನಿಗಾ ಬೇಕು.'

ಐದು ಜನರನ್ನು ಹೊರಗೆ ತಂದೆ,
ಉಳಿದವರ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದೆ.
ಹನ್ನೊಂದನೇ ನಿಮಿಷಕ್ಕೆ ಕೆಂಪು ದೀಪ ಬಂತು,
ಅದೇ ದಾರಿಯಲ್ಲಿ.
ಕಂಬಳಿ ಹೊದ್ದು ನಿಂತಿದ್ದ ತಾತ ಕೇಳಿದರು,
'ಗಾಡಿ ತಡವೇ?'
'ಇಲ್ಲ, ಸರಿಯಾದ ವೇಳೆಗೇ ಬಂತು' ಅಂದೆ.

ಯಾರೂ ಸಾಯಲಿಲ್ಲ. ಹಾಗಾಗಿ ಪತ್ರಿಕೆಯವರು ಬರಲಿಲ್ಲ.
ವ್ಯವಸ್ಥಾಪಕರು ಆಸ್ಪತ್ರೆಗೆ ಸೇಬಿನ ಬುಟ್ಟಿ ತಂದರು,
'ಸದ್ಯ' ಎಂದರು, ನಾಲ್ಕು ಸಲ.
ಜೊತೆಗೆ ಈ ನಮೂನೆ.

ಏಳನೇ ಪ್ರಶ್ನೆಯ ಮೇಲೆ ಕೂತಿದ್ದೇನೆ ಬೆಳಗಿನಿಂದ:
'ನೌಕರರು ಹೇಗೆ ನಡೆದುಕೊಂಡಿದ್ದರೆ ಈ ಗಾಯ ತಪ್ಪುತ್ತಿತ್ತು?
ಒಂದೇ ಸಾಲಿನಲ್ಲಿ ಉತ್ತರಿಸಿ.'

ಉಮೆನೊ ಅಜ್ಜಿಯನ್ನು ಬಿಟ್ಟು ಬಂದಿದ್ದರೆ. ಅದೇ ಉತ್ತರ,
ಒಂದು ಸಾಲೂ ಬೇಡ ಅದಕ್ಕೆ.
ಬರೆದೆ. ಹೊಡೆದುಹಾಕಿದೆ.

ಈಗ ರತ್ರಿಯ ಫೋನು. ತಾತನ ಸಲಿಕೆಯನ್ನು
ಅಪಾಯದ ವಸ್ತುವೆಂದು ಉಗ್ರಾಣದಲ್ಲಿಟ್ಟಿದ್ದಾರಂತೆ.
ಸಂಜೆಯಿಂದ ತಾತ ಹಿಂಬಾಗಿಲ ಗಾಜಿಗೆ ಹಣೆ ಒತ್ತಿ ನಿಂತಿದ್ದಾರಂತೆ.
ರಾತ್ರಿ ಮೂವತ್ತೈದು ಸೆಂಟಿಮೀಟರ್ ಬೀಳುತ್ತದಂತೆ.
ಪಾಳಿ ಅವಳದು, ಒಬ್ಬಳದೇ,
ಇನ್ನೂ ನೆಟ್ಟಗಾಗದ ಸೊಂಟದಲ್ಲಿ.

ಹೊಡೆದುಹಾಕಿದ ಸಾಲಿನ ಕೆಳಗೆ,
ಎಡಗೈಯ ಸೊಟ್ಟ ಅಕ್ಷರದಲ್ಲಿ ಬರೆದೆ:
ಉಗ್ರಾಣದ ಕೀಲಿ ಯಾರ ಹತ್ತಿರ ಇದೆ?